ಕಾರು ನೋಡುತ್ತಿತ್ತು

ನಮ್ಮ ಮನೆಗೆ ಒಂದೇ ಹೆಸರಿನ ಕಾರು ಮೂರು ಸಲ ಬಂತು. ಕಂಪನಿ ಅದೇ, ಹೆಸರೂ ಅದೇ. ಪ್ರತಿ ಸಲ ಬಂದಾಗಲೂ ಹಿಂದಿನದಕ್ಕಿಂತ ಸ್ವಲ್ಪ ಉದ್ದ, ಸ್ವಲ್ಪ ಅಗಲ, ಸ್ವಲ್ಪ ಹೆಚ್ಚು ಬುದ್ಧಿ. ಆ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಕಾರಿನದಾಗಿರಲಿಲ್ಲ. ಕಾರು ಒಳ್ಳೆಯದಾಗುತ್ತಾ ಹೋದದ್ದೇ ನಮಗೆ ಮುಳುವಾಯಿತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮ ಯಜಮಾನರು ಬಿತ್ತನೆ ಆಲೂಗಡ್ಡೆಯ ವ್ಯಾಪಾರ ಮಾಡುವವರು. ಜಲಂಧರದಿಂದ ಲಾರಿಯಲ್ಲಿ ಬರುವ ಗೆಡ್ಡೆಯನ್ನು ಹಾಸನದಲ್ಲಿ ಇಳಿಸಿಕೊಂಡು ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರದ ರೈತರಿಗೆ ಕೊಡುತ್ತಿದ್ದರು. ನಾನು ಹಳ್ಳಿಮೈಸೂರಿನ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಮ್ಮ. ಮನೆ ಹೊಳೆನರಸೀಪುರದಲ್ಲಿ. ನನಗೆ ಬಸ್ಸು ಇತ್ತು. ಅವರಿಗೆ ವರ್ಷವಿಡೀ ಮಣ್ಣು ರಸ್ತೆ, ಬದು, ಹೊಲದ ದಾರಿ. ಅದಕ್ಕೇ ಅವರಿಗೆ ಈ ಎತ್ತರದ ಸಣ್ಣ ಕಾರು ಹಿಡಿಸಿದ್ದು. ಅದು ಪೂರ್ತಿ ಜೀಪೂ ಅಲ್ಲ, ಪೂರ್ತಿ ಕಾರೂ ಅಲ್ಲ. ಮೊದಲ ದಿನ ಕೂತು ಬಂದವರು ಬಾಗಿಲಲ್ಲೇ ನಿಂತು ಹೇಳಿದರು: "ಬದಿನ್ ಮ್ಯಾಲೆ ನಿಂತ್ಕಂಡು ಗದ್ದೆ ನೋಡ್ದಂಗಾಯ್ತದೆ ಕಣೇ, ರೋಡೆಲ್ಲ ಕಾಣ್ತದೆ."

ಆ ಮೊದಲ ಕಾರಿಗೆ ಯಾವ ಜಾಣತನವೂ ಇರಲಿಲ್ಲ. ಹಿಂದಕ್ಕೆ ತೆಗೆಯಬೇಕಾದರೆ ಕುತ್ತಿಗೆ ತಿರುಗಿಸಬೇಕು, ಇಲ್ಲವೇ ನಾನು ಇಳಿದು "ಬನ್ನಿ, ಬನ್ನಿ, ಸಾಕು" ಎನ್ನಬೇಕು. ಎಂಟು ವರ್ಷ ಅದು ಓಡಿತು. ಕೊನೆಯ ಎರಡು ವರ್ಷದಲ್ಲಿ ಅದರ ಎಡಗಡೆಯ ಕನ್ನಡಿ ಮೂರು ಸಲ ಒಡೆಯಿತು. ಒಂದು ಸಲ ನಮ್ಮ ಗೇಟಿನ ಕಂಬಕ್ಕೆ, ಒಂದು ಸಲ ಹಾಸನದ ಮಾರುಕಟ್ಟೆಯಲ್ಲಿ ನಿಂತಿದ್ದ ಲಾರಿಗೆ, ಇನ್ನೊಂದು ಸಲ ಎಲ್ಲಿ ಎಂದು ಅವರಿಗೇ ಗೊತ್ತಿರಲಿಲ್ಲ. "ಸಂದಿ ಚಿಕ್ಕದು, ಗಾಡಿ ದಪ್ಪ" ಎಂದು ನಕ್ಕರು. ನಾನೂ ನಕ್ಕೆ. ಸದಾ ಓಡಾಡುವ ಗಾಡಿಗೆ ಗೀರು ಬೀಳದೆ ಇರುತ್ತದೆಯೇ?

ಅದೇ ಸುಮಾರಿಗೆ ನನ್ನ ತವರು ಬಾಗೂರಿನಲ್ಲಿ ಒಂದು ಮದುವೆ. ನನ್ನ ಅಣ್ಣ ಎಡಗಡೆಯಿಂದ ಬಂದು ಇವರ ಪಕ್ಕದಲ್ಲಿ ನಿಂತು "ಬನ್ನಿ ಭಾವ, ಊಟಕ್ಕೆ ಏಳಿ" ಎಂದು ಕೈ ಚಾಚಿದ. ಛತ್ರದ ಗದ್ದಲದಲ್ಲಿ ಇವರಿಗೆ ಮಾತು ಕೇಳಿಸಲಿಲ್ಲ. ನೇರ ಮುಂದೆ ನೋಡುತ್ತಾ ಕೂತೇ ಇದ್ದರು. ಅಣ್ಣನ ಕೈ ಗಾಳಿಯಲ್ಲೇ ಉಳಿಯಿತು. ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ಹಿಡಿದು ಕೇಳಿದ: "ಅಂತಾದ್ದೇನ್ ಮಾಡಿವ್ನಿ ನಾನು? ಭಾವ ನನ್ ಮುಖನೂ ನೋಡ್ದಂಗೆ ಕೂತವ್ರಲ್ಲ!" ನಾನು ಇವರನ್ನು ಕೇಳಿದೆ. "ಅವ್ನು ಎಲ್ಲಿ ಬಂದಿದ್ದ?" ಎಂದರು. ಅಣ್ಣ ಒಂದು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಎರಡನೆಯ ಕಾರು ಕೊಳ್ಳಲು ಹಾಸನದ ಶೋರೂಮಿಗೆ ನಾನೂ ಹೋಗಿದ್ದೆ. ಅದೇ ಹೆಸರು, ಹೊಸ ಮುಖ. ಮಾರುವ ಹುಡುಗಿ ಚುರುಕಾಗಿದ್ದಳು. ಇದೇ ಗಾಡಿ ಹಡಗಿನಲ್ಲಿ ಹೊರದೇಶಗಳಿಗೂ ಹೋಗುತ್ತದೆ ಎಂದು ಹೆಮ್ಮೆಯಿಂದ ಹೇಳಿದಳು.

"ಅಲ್ಲಿಗೋಗೋದೂ ಇದೂ ಒಂದೇನಾ?" ಎಂದು ಇವರು ಕೇಳಿದರು.

"ಅಲ್ಲಿಯ ರೂಲ್ಸ್ ಬೇರೆ ಸಾರ್. ಏರ್‌ಬ್ಯಾಗ್ ಜಾಸ್ತಿ, ತಾನೇ ಬ್ರೇಕ್ ಹಾಕೋ ಸಿಸ್ಟಮ್ ಇರುತ್ತೆ. ನಮ್ಮ ಜನ ಅದನ್ನೆಲ್ಲ ಕೇಳಲ್ಲ. ಸನ್‌ರೂಫ್ ಇದೆಯಾ ಅಂತಾರೆ."

ಇವರು ನನ್ನ ಕಡೆ ತಿರುಗಿ, "ನಮ್ ಆಲೂಗೆಡ್ಡೆನೂ ಇಂಗೇಯ. ದಪ್ಪಂದು ಹೊರಿಕ್ಕೆ, ಸಣ್ಣದು ಊರಿಗೆ" ಎಂದರು. ಮೂವರೂ ನಕ್ಕೆವು. ಕಾರು ತೆಗೆದುಕೊಂಡೆವು.

ಆ ಎರಡನೆಯ ಕಾರು ಕೂಗುವ ಕಾರು. ಹಿಂದೆ ಗೋಡೆ ಹತ್ತಿರ ಬಂದರೆ ಕೂಗುತ್ತಿತ್ತು, ಮುಂದೆ ಚರಂಡಿಯ ಕಟ್ಟೆ ಬಂದರೆ ಕೂಗುತ್ತಿತ್ತು. ಹಿಂದಿನದು ಪರದೆಯ ಮೇಲೆ ಬಣ್ಣದ ಗೆರೆಗಳೊಂದಿಗೆ ಕಾಣುತ್ತಿತ್ತು. ಇವರು ಒಂದೇ ತಿಂಗಳಲ್ಲಿ ಅದಕ್ಕೆ ಒಗ್ಗಿಹೋದರು. ಕನ್ನಡಿ ಒಡೆಯುವುದು ನಿಂತಿತು. ಬಂಪರಿಗೆ ಒಂದು ಗೀರೂ ಇಲ್ಲ. ವಯಸ್ಸಾದ ಹಾಗೆ ಓಡಿಸುವುದು ಪಳಗಿದೆ ಎಂದು ನಾನು ಅಂದುಕೊಂಡೆ. ಮನೆಯೊಳಗೆ ಮಾತ್ರ ಅವರ ಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು; ಊಟದ ಮೇಜಿನ ಮೇಲೆ ಪಕ್ಕದಲ್ಲಿಟ್ಟ ಲೋಟ ಕೈ ತಗುಲಿ ಬೀಳುತ್ತಿತ್ತು. ನಾನು ಲೋಟವನ್ನು ಅವರ ಎದುರಿಗೇ ಇಡುವುದನ್ನು ಅಭ್ಯಾಸ ಮಾಡಿಕೊಂಡೆ, ಯಾಕೆ ಎಂದು ಯೋಚಿಸಲಿಲ್ಲ. ಮನೆ ಎಂದರೆ ಹಾಗೆಯೇ ಅಲ್ಲವೇ, ಒಬ್ಬರ ಚಾಳಿಗೆ ಇನ್ನೊಬ್ಬರು ಸರಿದು ದಾರಿ ಬಿಡುತ್ತಿರುತ್ತೇವೆ.

ಮೂರನೆಯ ಕಾರು ಬಂದದ್ದು ಮೊನ್ನೆ ಮೊನ್ನೆ, ಎರಡು ವರ್ಷವೂ ಆಗಿಲ್ಲ. ಆ ಹೊತ್ತಿಗೆ ನಮ್ಮ ದೇಶದಲ್ಲೂ ಜನ ಸುರಕ್ಷತೆ ಕೇಳಲು ಶುರು ಮಾಡಿದ್ದರು. ಹೊರಗೆ ಕೊಡುತ್ತಿದ್ದದ್ದನ್ನೇ ಈ ಸಲ ಇಲ್ಲಿಗೂ ಕೊಟ್ಟಿದ್ದಾರೆ ಎಂದು ಶೋರೂಮಿನವರು ಹೇಳಿದರು. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಗನ್ನಡಿಯ ಹಿಂದೆ ಒಂದು ಪುಟ್ಟ ಕ್ಯಾಮೆರಾ. ಅದು ರಸ್ತೆಯನ್ನು ನೋಡುತ್ತಲೇ ಇರುತ್ತದಂತೆ. ಯಾರಾದರೂ ಅಡ್ಡ ಬಂದು ನಾವು ಬ್ರೇಕು ಒತ್ತದಿದ್ದರೆ ಅದೇ ಒತ್ತುತ್ತದಂತೆ. ಪಕ್ಕದಲ್ಲಿ ಬೈಕು ಬಂದರೆ ಹೊರಗನ್ನಡಿಯಲ್ಲಿ ದೀಪ ಮಿನುಗುತ್ತದಂತೆ. ಯಜಮಾನರು ಅದರ ಮುಂದೆ ಮಕ್ಕಳ ಹಾಗೆ ನಿಂತಿದ್ದರು.

ಅದು ಮೊದಲ ಸಲ ತಾನೇ ನಿಂತ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಭಾನುವಾರ ಮಧ್ಯಾಹ್ನ, ಬಾಗೂರಿನಿಂದ ವಾಪಸು ಬರುತ್ತಿದ್ದೆವು. ಚನ್ನರಾಯಪಟ್ಟಣ ದಾಟಿ ಒಂದು ಹಳ್ಳಿಯ ತಿರುವು. ವೇಗ ಹೆಚ್ಚಿರಲಿಲ್ಲ. ಎಡಗಡೆಯ ಹೊಲದಿಂದ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆಗೆ ಇಳಿದಳು. ನಾನು ಅವಳನ್ನು ದೂರದಿಂದಲೇ ನೋಡಿದ್ದೆ. ಹೊರೆಯ ಎಳೆಗಳು ಅವಳ ಕಣ್ಣನ್ನು ಮುಚ್ಚಿದ್ದವು. ಈಗ ನಿಧಾನ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. "ರೀ" ಎನ್ನುವಷ್ಟರಲ್ಲಿ ಕಾರು ಕಿರುಚಿತು, ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ನಿಂತುಬಿಟ್ಟಿತು. ಬೆಲ್ಟು ನನ್ನ ಎದೆಗೆ ಬಿಗಿಯಿತು. ಹೆಂಗಸು ನಮ್ಮ ಬಾನೆಟ್ಟಿನ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದಾಟಿ ಹೋದಳು. ತಿರುಗಿಯೂ ನೋಡಲಿಲ್ಲ.

ನಾನು ಇವರ ಮುಖ ನೋಡಿದೆ. ಅಲ್ಲಿ ಗಾಬರಿ ಇರಲಿಲ್ಲ.

"ಯಾಕ್ ನಿಂತೋಯ್ತು ಇದು?" ಎಂದರು.

"ಆಯಮ್ಮ ಅಡ್ಡ ಬಂದ್ಲಲ್ಲ!"

"ಯಾವಮ್ಮ?"

ಆಗ ಅವರು ಮುಖ ತಿರುಗಿಸಿ ಬಲಗಡೆಯ ಬೇಲಿ ದಾಟುತ್ತಿದ್ದ ಹುಲ್ಲಿನ ಹೊರೆಯನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು. "ಓ, ಇವ್ಳಾ" ಎಂದು ಗೇರು ಹಾಕಿದರು. ಮನೆ ತಲುಪುವವರೆಗೂ ನಾನು ಬಾಗಿಲ ಹಿಡಿ ಬಿಡಲಿಲ್ಲ.

ಮರುದಿನದಿಂದ ನಾನು ಹಟ ಹಿಡಿದೆ. ಕಣ್ಣು ತೋರಿಸಿ, ಕಣ್ಣು ತೋರಿಸಿ ಎಂದು ಬೆಳಗ್ಗೆ ಸಂಜೆ ಅದೇ ಮಾತು. ನನ್ನ ಕಾಟ ತಾಳಲಾರದೆ ಒಂದು ದಿನ ಕನ್ನಡಕದ ಅಂಗಡಿಗೆ ಬಂದರು. ಎದುರಿನ ಹಲಗೆಯ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ, ಇರುವೆಯಂಥ ಕೊನೆಯ ಸಾಲನ್ನೂ ತಡವರಿಸದೆ ಓದಿದರು. "ಸಾರ್ ಕಣ್ಣು ಹದಿನೆಂಟರ ಹುಡುಗನ ಕಣ್ಣು ಮೇಡಂ" ಎಂದ ಅಂಗಡಿಯವನು. ಓದುವುದಕ್ಕೆ ಮಾತ್ರ ಒಂದು ಕನ್ನಡಕ ಕೊಟ್ಟ. ಹೊರಗೆ ಬಂದು ಇವರು ಎದುರಿನ ಬಸ್ಸಿನ ಬೋರ್ಡನ್ನು ನನಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. "ಕಾಣ್ತದೋ ಇಲ್ವೋ? ಈಗಾರ ಬಾಯ್ ಮುಚ್ಕಂಡಿರು."

ನಾನು ಬಾಯಿ ಮುಚ್ಚಿಕೊಂಡೆ. ಆದರೆ ಕಣ್ಣು ಮುಚ್ಚಲಿಲ್ಲ. ಅವರ ಪಕ್ಕದಲ್ಲಿ ಕೂತಾಗಲೆಲ್ಲ ರಸ್ತೆಯನ್ನು ನಾನೇ ಓಡಿಸುವವಳ ಹಾಗೆ ನೋಡುತ್ತಿದ್ದೆ. "ಎಡಕ್ಕೆ ಸೈಕಲ್ಲು", "ಅಲ್ಲಿ ಕರು", "ಮಕ್ಕಳು, ಮಕ್ಕಳು" ಎನ್ನುತ್ತಿದ್ದೆ. ಅವರಿಗೆ ರೇಗುತ್ತಿತ್ತು. ಕಾರಿನ ಗಂಟೆಯೂ ಆಗಾಗ ಟಿಣ್ ಟಿಣ್ ಎನ್ನುತ್ತಿತ್ತು, ಕನ್ನಡಿಯ ದೀಪ ಮಿನುಗುತ್ತಿತ್ತು. ಅವರು ಒಬ್ಬರೇ ಅರಕಲಗೂಡಿನ ಕಡೆ ಹೋದ ದಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದರೂ ನನ್ನ ಕಿವಿ ಫೋನಿನ ಮೇಲೆಯೇ. ಒಂದೇ ಸಮಾಧಾನವಿತ್ತು. ಕಾರು ನೋಡುತ್ತಿದೆ, ಅವರು ನೋಡದಿದ್ದರೂ ಅದು ನೋಡುತ್ತಿದೆ ಎಂಬ ಸಮಾಧಾನ.

ಆಮೇಲೆ ರಾಗಿ ಕೊಯ್ಲು ಬಂತು. ನಮ್ಮ ಸೀಮೆಯಲ್ಲಿ ಆ ದಿನಗಳಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿಯ ಹುಲ್ಲನ್ನು ರಸ್ತೆಗೆ ಹರಡುತ್ತಾರೆ. ಬಸ್ಸು ಲಾರಿ ಹತ್ತಿ ಕಾಳು ಉದುರುತ್ತದೆ. ಅಂಚಿಗೆ ಕಲ್ಲು, ಅಲ್ಲಲ್ಲಿ ಗುಡ್ಡೆ, ಮೊರ ಹಿಡಿದು ತೂರುವ ಜನ. ಇಲ್ಲಿ ಹುಟ್ಟಿದವರಿಗೆ ಅದರ ಮೇಲೆ ಹೇಗೆ ಹೋಗಬೇಕು ಎಂದು ಗೊತ್ತು. ಕಾರಿಗೆ ಗೊತ್ತಿರಲಿಲ್ಲ. ಬಿಳಿ ಗೆರೆ ಎಳೆದ ರಸ್ತೆಗಳಲ್ಲಿ ಕಲಿತು ಬಂದ ಕಣ್ಣು ಅದರದು. ಒಂದು ಬೆಳಿಗ್ಗೆ ಹಳ್ಳಿಮೈಸೂರಿನ ಹತ್ತಿರ ಹುಲ್ಲಿನ ಗುಡ್ಡೆ ಕಂಡದ್ದೇ ತಡ, ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಲಗೇಜು ಆಟೋ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಪಕ್ಕದ ಹಳ್ಳಕ್ಕೆ ಚಕ್ರ ಇಳಿಸಿತು.

"ಹುಲ್ ಕಂಡ್ರೆ ನಿಲ್ತದಾ ಸಾ ನಿಮ್ ಕಾರು? ಅದ್ಕೂ ಒಂದು ಕಂತೆ ಆಕಿ!" ಎಂದು ಆಟೋದವನು ಕೂಗಿದ. ತೂರುತ್ತಿದ್ದ ಹೆಂಗಸರು ಸೆರಗು ಅಡ್ಡ ಇಟ್ಟು ನಕ್ಕರು.

ಇವರಿಗೆ ಅವಮಾನವಾಯಿತು. ಅವತ್ತೇ ಪರದೆಯಲ್ಲಿ ಹುಡುಕಿ ಆ ಬ್ರೇಕಿನ ವ್ಯವಸ್ಥೆಯನ್ನು ಆರಿಸಿದರು. ಕಾರು ಬಿಡಲಿಲ್ಲ, ಪ್ರತಿ ಸಲ ಎಂಜಿನ್ ಶುರು ಮಾಡಿದಾಗ ಅದು ತಾನಾಗಿ ಮತ್ತೆ ಜೀವ ಪಡೆಯುತ್ತಿತ್ತು. ಇವರೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಕೂತ ಕೂಡಲೇ ದೇವರಿಗೆ ಕೈ ಮುಗಿದು, ಆಮೇಲೆ ಅದನ್ನು ಆರಿಸಿ, ಆಮೇಲೆ ಹೊರಡುವುದು. ಆರಿಸಿದ ಗುರುತಿಗೆ ಸ್ಟೀರಿಂಗಿನ ಹಿಂದೆ ಒಂದು ಕಿತ್ತಳೆ ದೀಪ ಉರಿಯುತ್ತಿತ್ತು.

"ಬೇಡ ರೀ, ಇರ್ಲಿ ಅದು" ಎಂದೆ.

"ಪರದೇಸದ್ ರೋಡಿಗೆ ಮಾಡಿರಾದು ಅದು. ನಮ್ ರೋಡು ಅದ್ಕೇನ್ ಗೊತ್ತು? ಇಪ್ಪತ್ತೈದು ವರ್ಸದಿಂದ ಓಡಿಸ್ತಾ ಇವ್ನಿ, ನನ್ಗ್ ಗೊತ್ತಿಲ್ವಾ?"

ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಉಳಿದ ಅರ್ಧ ಏನೆಂದು ಅವರಿಗೂ ಗೊತ್ತಿರಲಿಲ್ಲ. ಆ ಕಿತ್ತಳೆ ದೀಪವನ್ನು ನೋಡುತ್ತಾ ನಾನು ಎರಡು ತಿಂಗಳು ಪಕ್ಕದಲ್ಲಿ ಕೂತೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಹಳೇಕೋಟೆ ಕಡೆಯ ಒಬ್ಬ ರೈತರೊಂದಿಗೆ ಬಿತ್ತನೆಯ ಮಾತು ಮುಗಿಸಿ ಸಂಜೆ ಹಿಂದಿರುಗುತ್ತಿದ್ದೆವು. ಡೇರಿಗೆ ಹಾಲು ಹಾಕುವ ಹೊತ್ತು. ರಸ್ತೆ ನೇರ, ಖಾಲಿ, ಬೆಳಕು ಚೆನ್ನಾಗಿತ್ತು. ಎಡಗಡೆಯ ತೋಟದ ದಾರಿಯಿಂದ ಒಂದು ಮೊಪೆಡ್ ಬರುವುದನ್ನು ನಾನು ನೋಡಿದೆ. ಎರಡೂ ಕಡೆ ಹಾಲಿನ ಕ್ಯಾನು. ಓಡಿಸುತ್ತಿದ್ದವನು ರಸ್ತೆಯ ಅಂಚಿನಲ್ಲಿ ಒಂದು ಕ್ಷಣ ಕಾಲೂರಿ ನಮ್ಮ ಕಡೆ ನೋಡಿದ. ಆಮೇಲೆ ಧೈರ್ಯವಾಗಿ ರಸ್ತೆಗೆ ಹತ್ತಿದ.

"ಎಡಕ್ಕೆ!" ಎಂದು ಕೂಗಿದೆ. ಇವರು ನನ್ನ ಕೂಗಿಗೆ ಬೆಚ್ಚಿ ಮುಖ ತಿರುಗಿಸಿದರು. ಕಾರು ಕೂಗಲಿಲ್ಲ, ನಿಲ್ಲಲಿಲ್ಲ.

ಸದ್ದು ದೊಡ್ಡದೇನಲ್ಲ, ತಗಡಿನ ಡಬ್ಬ ಕೆಳಗೆ ಬಿದ್ದ ಹಾಗೆ. ಇಳಿದಾಗ ಟಾರಿನ ಮೇಲೆ ಹಾಲು ಹರಿಯುತ್ತಿತ್ತು. ಕಾದ ರಸ್ತೆಯಿಂದ ಹಾಲಿನ ಬಿಸಿ ವಾಸನೆ ಎದ್ದಿತ್ತು. ಅವನು ಮೊಪೆಡ್ಡಿನಿಂದ ಸ್ವಲ್ಪ ದೂರದಲ್ಲಿ ಬಿದ್ದಿದ್ದ. ಒಂದು ಕಾಲು ತಿರುಗಬಾರದ ಕಡೆ ತಿರುಗಿತ್ತು. ಪ್ರಜ್ಞೆ ಇತ್ತು. "ಅವ್ವಾ, ಅವ್ವಾ" ಎನ್ನುತ್ತಿದ್ದ. ಯಜಮಾನರು ಅವನ ಮುಂದೆ ಮೊಣಕಾಲೂರಿ ಕೂತು ಒಂದೇ ಮಾತನ್ನು ಹೇಳುತ್ತಿದ್ದರು: "ಎಲ್ಲಿಂದ ಬಂದ್ಯಪ್ಪ ನೀನು? ಎಲ್ಲಿಂದ ಬಂದೆ?"

ಡೇರಿಯಿಂದ ಜನ ಓಡಿ ಬಂದರು. ಒಂದಿಬ್ಬರು ಇವರ ಅಂಗಿಯ ಕೊರಳಪಟ್ಟಿ ಹಿಡಿದರು. ಪುಣ್ಯಕ್ಕೆ ಅವರಲ್ಲಿ ಇವರಿಂದ ಬಿತ್ತನೆ ಕೊಂಡಿದ್ದ ಹಿರಿಯರೊಬ್ಬರಿದ್ದರು. ಮೊದಲು ಆಸ್ಪತ್ರೆ, ಆಮೇಲೆ ಉಳಿದದ್ದು ಎಂದು ಬಿಡಿಸಿದರು. ಹಾಸನದಲ್ಲಿ ತೊಡೆಗೆ ಆಪರೇಷನ್ ಆಯಿತು. ಠಾಣೆ, ವಿಮೆ, ನ್ಯಾಯ ಎಲ್ಲ ಆಗಬೇಕಾದ ಹಾಗೆ ಆಯಿತು. ಅವನ ಖರ್ಚನ್ನು ನಾವು ನೋಡಿಕೊಂಡೆವು. ಅವನು ಉಳಿದ. ಈಗ ಕುಂಟುತ್ತಾ ನಡೆಯುತ್ತಾನೆ. ಹಾಲು ಹಾಕಲು ಅವನ ಹೆಂಡತಿ ಹೋಗುತ್ತಾಳೆ.

ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಬಯ್ಯಲಿಲ್ಲ. ದಿಂಬಿಗೆ ಒರಗಿ, ಇವರ ಮುಖವನ್ನೇ ನೋಡುತ್ತಾ ಕೇಳಿದ: "ನೀವು ನೋಡುದ್ರಲ್ಲ ಸಾ. ಮುಖ ನನ್ ಕಡೀಕೇ ಇತ್ತು. ನೋಡವ್ರೆ, ನಿಧಾನ ಮಾಡ್ತಾರೆ ಅಂದ್ಕಂಡೇ ನಾನು ರೋಡಿಗ್ ಬಂದಿದ್ದು. ನೋಡ್ಬುಟ್ಟೂ ಯಾಕ್ ಸಾ ಬಂದ್ರಿ?"

ಇವರು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಈ ಸಲ ನಾನು ಕೇಳುವ ಮೊದಲೇ, "ದೊಡ್ ಡಾಕ್ಟ್ರಿಗೇ ತೋರ್ಸಾನ ನಡಿ" ಎಂದರು.

ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಷರ ಓದಿಸಿದ್ದಾಯಿತು, ಹನಿ ಹಾಕಿದ್ದಾಯಿತು. ಕೊನೆಗೆ ಒಂದು ಕತ್ತಲೆ ಕೋಣೆ. ಬಿಳಿ ಬೋಗುಣಿಯ ಹಾಗಿದ್ದ ಯಂತ್ರದೊಳಗೆ ಮುಖವಿಟ್ಟು ಕೂರಬೇಕು; ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು; ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ನಮಗಿಂತ ಮುಂಚೆ ಬಂದಿದ್ದ ಅಜ್ಜಿಯೊಬ್ಬರು ಟಕ್ ಟಕ್ ಎಂದು ಒತ್ತುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದೆ. ಇವರ ಸರದಿ ಬಂದಾಗ ಶುರುವಿನಲ್ಲಿ ನಾಲ್ಕಾರು ಸಲ ಸದ್ದು ಬಂತು. ಆಮೇಲೆ ನಿಂತಿತು. ಯಂತ್ರ ಒಳಗೊಳಗೇ ಗುರ್ ಎನ್ನುತ್ತಿತ್ತು. ಚುಕ್ಕಿಗಳು ಬಂದು ಹೋಗುತ್ತಿದ್ದವು ಎಂದು ಆಮೇಲೆ ತಿಳಿಯಿತು. ಗುಂಡಿಯ ಸದ್ದಿಲ್ಲ. ಒಳಗಿದ್ದ ಹೆಣ್ಣುಮಗಳು ಮೆಲ್ಲಗೆ, "ಅಪ್ಪಾಜಿ, ಬೆಳಕು ಕಂಡಾಗ ಒತ್ತಬೇಕು" ಎಂದಳು.

"ನೀನು ಇನ್ನೂ ಬಿಟ್ಟೇ ಇಲ್ವಲ್ಲವ್ವ" ಎಂದರು ಇವರು.

ಆ ಹೆಣ್ಣುಮಗಳು ಪರದೆ ಸರಿಸಿ ನನ್ನನ್ನು ನೋಡಿದಳು.

ಗ್ಲಾಕೋಮಾ ಎಂದರು ಡಾಕ್ಟರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುತ್ತದೆ, ಅಂಚಿನಿಂದ ಶುರುವಾಗುತ್ತದೆ, ನೋವಿಲ್ಲ, ಕೆಂಪಿಲ್ಲ. ಇವರು ಕೊಳವೆಯೊಳಗಿಂದ ನೋಡುವವರ ಹಾಗೆ ನೋಡುತ್ತಿದ್ದಾರೆ, ಬಹಳ ವರ್ಷಗಳಿಂದ. "ಹಾಗಾದ್ರೆ ಸುತ್ತ ಕಪ್ಪಗೆ ಕಾಣಬೇಕಲ್ವಾ ಡಾಕ್ಟ್ರೇ?" ಎಂದು ಕೇಳಿದೆ. "ಇಲ್ಲಮ್ಮ. ಕಪ್ಪು ಕಂಡಿದ್ರೆ ಅವತ್ತೇ ಬರ್ತಿದ್ರು. ಅಲ್ಲಿ ಏನೂ ಇಲ್ಲ ಅನ್ನೋದೇ ಗೊತ್ತಾಗಲ್ಲ. ಖಾಲಿ ರಸ್ತೆ ಅಂತ ಮನಸ್ಸೇ ತುಂಬಿಕೊಳ್ಳುತ್ತೆ." ಹೋದದ್ದು ಹೋಯಿತು. ಇರುವುದನ್ನು ಉಳಿಸಿಕೊಳ್ಳಲು ದಿನಾ ಬೆಳಿಗ್ಗೆ, ರಾತ್ರಿ ಹನಿ. ಇನ್ನು ಓಡಿಸುವಂತಿಲ್ಲ.

ವಾಪಸು ಬಸ್ಸಿನಲ್ಲಿ ಬಂದೆವು. ಇವರು ಕಿಟಕಿಯ ಪಕ್ಕ ಕೂತರು. ನಾನು ಹಳೆಯದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ. ಮೊದಲ ಕಾರು ಮೂರು ಸಲ ಕನ್ನಡಿ ಒಡೆದುಕೊಂಡು ನಮಗೆ ಹೇಳಿತ್ತು. ಎರಡನೆಯದು ಕೂಗಿ ಕೂಗಿ ಅದನ್ನು ಮುಚ್ಚಿಹಾಕಿತು. ಮೂರನೆಯದು ಅವರಿಗೆ ಬದಲಾಗಿ ತಾನೇ ನೋಡಿತು. ಕಾರು ಜಾಣವಾದಷ್ಟೂ ಅವರ ಕಣ್ಣು ಸದ್ದಿಲ್ಲದೆ ಹಿಂದೆ ಸರಿದಿತ್ತು.

ಬೇಸಿಗೆ ರಜೆಯಲ್ಲಿ ನಾನು ಡ್ರೈವಿಂಗ್ ಕಲಿತೆ. ಐವತ್ತು ದಾಟಿದ ಮೇಷ್ಟ್ರಮ್ಮ ಎಲ್ ಬೋರ್ಡು ಹಾಕಿಕೊಂಡು ಹೇಮಾವತಿ ಸೇತುವೆಯ ಮೇಲೆ ಎಂಜಿನ್ ಆರಿಸಿಕೊಂಡು ನಿಂತದ್ದನ್ನು ಊರೆಲ್ಲ ನೋಡಿತು. ಲೈಸೆನ್ಸು ಬಂತು. ಈಗ ಯಜಮಾನರನ್ನು ಹಾಸನಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಕಾರಿನ ಯಾವುದನ್ನೂ ಆರಿಸುವುದಿಲ್ಲ. ನಂಬುವುದೂ ಇಲ್ಲ.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಇದು ರಕ್ತದಲ್ಲಿ ಬರುವಂಥದ್ದು. ಅಣ್ಣ ತಮ್ಮಂದಿರು ಯಾರಿದ್ದರೂ ತಡ ಮಾಡದೆ ತೋರಿಸಬೇಕು. ಇವರಿಗೆ ಒಬ್ಬನೇ ತಮ್ಮ. ಅರಕಲಗೂಡಿನ ಹತ್ತಿರ ಶುಂಠಿ, ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ಫೋನು ಮಾಡಿದೆ. "ಶುಂಠಿ ಕಿತ್ ಮೇಲ್ ಬತ್ತೀನಿ ಅತ್ತಿಗೆ" ಎಂದ. ಶುಂಠಿ ಕಿತ್ತದ್ದಾಯಿತು. "ಹಬ್ಬ ಕಳೀಲಿ" ಎಂದ. ಹಬ್ಬವೂ ಕಳೆಯಿತು. ಆಮೇಲೆ ಅವನ ಹೆಂಡತಿ ಫೋನಿನಲ್ಲಿ ಸಂತೋಷವಾಗಿ ಹೇಳಿದಳು, ಹೊಸ ಕಾರು ತಗೊಂಡರಂತೆ. ನಮ್ಮದೇ, ಅದೇ ಹೆಸರಿನದು, ಅದಕ್ಕಿಂತ ಹೊಸದು. ಸ್ಟೀರಿಂಗನ್ನೂ ಅದೇ ಸರಿಪಡಿಸಿಕೊಳ್ಳುತ್ತದಂತೆ.

ಹೋದ ಭಾನುವಾರ ಅವನ ಮನೆಗೆ ಹೋದೆವು. ಅಂಗಳದಲ್ಲಿ ಕಾರು ಹೊಳೆಯುತ್ತಿತ್ತು, ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಬಂಪರಿನ ಎಡ ಮೂಲೆಯಲ್ಲಿ ಆಗಲೇ ಉಗುರಿನಗಲದ ಬಣ್ಣ ಕಿತ್ತುಬಂದಿತ್ತು. ನಾನು ಅದನ್ನು ನೋಡಿದ್ದನ್ನು ಅವನ ಹೆಂಡತಿ ನೋಡಿದಳು, ಕಣ್ಣು ತಗ್ಗಿಸಿದಳು.

"ನನ್ಗೇನಾಗೈತೆ ಅತ್ತಿಗೆ? ಆ ತೆಂಗಿನ್ ಮರದಾಗಿನ್ ಕಾಯಿ ಎಣಿಸ್ಲಾ?" ಎಂದು ಮೈದುನ ನಕ್ಕ.

ಆಗ ಯಜಮಾನರು ಬಾಯಿ ಬಿಟ್ಟರು. ಅಪಘಾತದ ಬಗ್ಗೆ ಯಾರ ಮುಂದೆಯೂ ಅವರು ಮಾತಾಡಿದ್ದಿಲ್ಲ. "ಲೇ, ನನ್ಗೂ ಎಲ್ಲಾ ಕಾಣ್ತಿತ್ತು ಕಣ್ಲಾ. ಆ ಹಾಲ್ನವ್ನು ಮಾತ್ರ ಕಾಣ್ನಿಲ್ಲ. ಮನ್ಸ ಕಣ್ಲಾ, ಗಾಡಿ ಸಮೇತ ಒಬ್ಬ ಮನ್ಸ. ಕಾಣ್ನೇ ಇಲ್ಲ ನನ್ಗೆ."

ಮೈದುನನ ನಗು ಇಳಿಯಿತು. ನೆಲ ನೋಡಿದ. "ಆಯ್ತು ಬುಡಣ್ಣ. ನಾಳೆ ಆಗಾಕಿಲ್ಲ, ಮುಂದಿನ್ ಸೋಮ್ವಾರ ಓಗಾನ" ಎಂದ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಕಾರು ಮುಟ್ಟಬೇಡ ಎಂದೆ. ತಲೆ ಆಡಿಸಿದ.

ಊಟ ಮುಗಿಸಿ ನಾವು ಹೊರಡುವಷ್ಟರಲ್ಲಿ ಅವನಿಗೆ ಫೋನು ಬಂತು, ಪೇಟೆಯಲ್ಲಿ ಯಾರೋ ಕಾಯುತ್ತಿದ್ದಾರಂತೆ. "ಇಲ್ಲೇ ಅತ್ತಿಗೆ, ಒಂದ್ ಗಳಿಗೆ" ಎಂದು ಕೀಲಿ ತೆಗೆದುಕೊಂಡ. ಇವರು "ಬ್ಯಾಡ ಕಣ್ಲಾ" ಎಂದರು. ಅಷ್ಟರಲ್ಲಿ ಕಾರು ಗೇಟು ದಾಟಿತ್ತು. ಪೇಟೆಯಲ್ಲಿ ಅವತ್ತು ಜನ. ಅವನ ಹೆಂಡತಿ, ಇವರು, ನಾನು ಮೂವರೂ ಅಂಗಳದಲ್ಲಿ ನಿಂತು, ಅವನು ವಾಪಸು ಬರುವವರೆಗೆ ರಸ್ತೆಯ ಕಡೆಗೇ ಕಿವಿಯಿಟ್ಟುಕೊಂಡಿದ್ದೆವು. ಬಂದ. ಇವತ್ತು ಬುಧವಾರ. ಸೋಮವಾರಕ್ಕೆ ಇನ್ನೂ ಐದು ದಿನ ಇದೆ.